ಅಮಾವಾಸ್ಯೆಯಂದು ಸಮುದ್ರ ದೂರ

ಏಪ್ರಿಲ್ 6, ಭಾನುವಾರ, ಸಂಜೆ

ಎಲ್ಲಾ ಅರ್ಧಕ್ಕೆ ಬಿಡ್ತೀಯ ಅಂತ ಅಪ್ಪ ಕೂಗಿದರು. ಬಿಟ್ಟಿದ್ದು ಸ್ಕೂಲು ಒಂದೇ. ಎಲ್ಲವನ್ನೂ ಅಲ್ಲ! ಸ್ವಿಮ್ಮಿಂಗ್ ನಿಂತಿದ್ದು ಅಪ್ಪನಿಗೆ ಒಸಾಕಾದಿಂದ ಟೋಕಿಯೋಗೆ ಟ್ರಾನ್ಸ್‌ಫರ್ ಆಗಿದ್ದಕ್ಕೆ. ಗಿಟಾರ್ ಕೊಟ್ಟುಬಿಟ್ಟಿದ್ದೂ ಅಪ್ಪನೇ, ಈ ಓಜಿಮಾದ ಮನೆ ಚಿಕ್ಕದು ಅಂತ. ಅವೂ ನನ್ನ ತಲೆಗೇನಾ? ಹದಿನೆಂಟು ತುಂಬಿದೆ. ನಿಶಿಕಸಾಯ್ ಏರಿಯಾದ ದಿನಸಿ ಅಂಗಡಿಯಲ್ಲಿ ಅಕ್ಕಿ ಮೂಟೆ ಹೊರುತ್ತೇನೆ. ನನಗೂ ಕೂಗೋಕೆ ಬರುತ್ತೆ. ಕೂಗಿದೆ.

ಎಲ್ಲಾ ಶುರುವಾಗಿದ್ದು ಕನ್ನಡ ಬಳಗದ ಮಧುಕರ್ ಅಂಕಲ್ ಫೋನಿನಿಂದ. "ಧೀರಜ್, ಈ ಸಲ ಫ್ಯಾಮಿಲಿ ವಾಕ್ ಪ್ಲಾನ್ ನೀನೇ ಮಾಡಪ್ಪ. ಸಮುದ್ರದ ಪಕ್ಕ ಇರ್ಲಿ, ಈಸಿ ಇರ್ಲಿ. ಒಂದು ಸುತ್ತು ಹಾಕಿ ಹೊರಟ ಕಡೆಗೇ ಬರ್ಬೇಕು. ಮಕ್ಳಿರ್ತಾರೆ."

ಅಪ್ಪ ನಕ್ಕರು. ನಗಲಿ. ಇದುವರೆಗೆ ನನ್ನ ಕೈಗೆ ಯಾರೂ ಏನೂ ಒಪ್ಪಿಸಿರಲಿಲ್ಲ. ಮಾಡಿ ತೋರಿಸುತ್ತೇನೆ.

ಏಪ್ರಿಲ್ 7, ಸೋಮವಾರ

ಅಂಗಡಿ ರಜೆ. ಜೋಗಾಶಿಮಾಗೆ ಹೋದೆ. ಟ್ರೈನು, ಬಸ್ಸು, ಸೇತುವೆ ದಾಟಿದರೆ ದ್ವೀಪ. ಪೂರ್ವದ ತುದಿಯಲ್ಲಿ ಸರ್ಕಾರದ ಪಾರ್ಕು. ಪೈನ್ ಮರಗಳೆಲ್ಲ ಒಂದೇ ಕಡೆ ವಾಲಿವೆ. ಯಾಕೆ? ಗಾಳಿ. ಅಲ್ಲಿಂದ ಮೆಟ್ಟಿಲಿಳಿದು ಬಂಡೆ ಮೇಲೆ ನಡೆದು, ಕಲ್ಲಿನ ಕಮಾನು ನೋಡಿ, ಲೈಟ್‌ಹೌಸ್ ಹತ್ತಿರ ಮೇಲೆ ಹತ್ತಿ, ಒಳಗಿನ ದಾರಿಯಲ್ಲಿ ವಾಪಸ್... ಮ್ಯಾಪಿನಲ್ಲಿ ಹೀಗೆ. ಮಧ್ಯಾಹ್ನ ಇಳಿದರೆ ಬಂಡೆಯೇ ಇಲ್ಲ. ಬರೀ ನೀರು. ಶೂ ಹಾಳು.

ಮೇಲೆ ಕೂತೆ. ಹದ್ದೊಂದು ಬಂದು ಕೈಯಲ್ಲಿದ್ದ ಒನಿಗಿರಿ ಅನ್ನದುಂಡೆ ಕಿತ್ತುಕೊಂಡು ಹೋಯಿತು. ಬಾಯಿಗೆ ಬಂದಂತೆ ಬೈದೆ, ಕನ್ನಡದಲ್ಲಿ. ಪಕ್ಕದಲ್ಲಿದ್ದ ಅಜ್ಜಿ ತಲೆ ಬಗ್ಗಿಸಿ "ಸುಮಿಮಾಸೆನ್" ಅಂತ ಕ್ಷಮೆ ಕೇಳಿದಳು. ಹದ್ದು ಅವಳು ಸಾಕಿದ್ದೇನೋ ಎಂಬಂತೆ.

ಏಪ್ರಿಲ್ 14, ಸೋಮವಾರ

ಮತ್ತೆ ಹೋದೆ. ಅದೇ ಜಾಗ, ಅದೇ ಹೊತ್ತು. ನೀರು ಎಲ್ಲಿ?! ಬಂಡೆ ಪೂರ್ತಿ ಬಯಲು. ಕಪ್ಪು ಪದರ, ಬಿಳಿ ಪದರ, ಮಸಾಲೆ ದೋಸೆ ಮಡಚಿಟ್ಟ ಹಾಗೆ. ಹಳ್ಳಗಳಲ್ಲಿ ಏಡಿ, ಬೆರಳುದ್ದದ ಮೀನು. ಕಮಾನಿನ ಕೆಳಗೇ ನಡೆದು ಹೋದೆ. ಪುಟ್ಟ ಮಕ್ಕಳೂ ನಡೀಬಹುದು.

ಒಂದೇ ವಾರದಲ್ಲಿ ಹೀಗ್ಯಾಕೆ?

ಮನೆಗೆ ಬಂದೆ. ಹುಣ್ಣಿಮೆಗೆ ಅಮ್ಮ ಮಾಡಿದ್ದ ಸತ್ಯನಾರಾಯಣ ಪೂಜೆಯ ಸಜ್ಜಿಗೆ ಇನ್ನೂ ಫ್ರಿಜ್ಜಿನಲ್ಲಿತ್ತು. ಅದನ್ನು ತಿನ್ನುತ್ತಾ ಗೋಡೆ ಕ್ಯಾಲೆಂಡರ್ ನೋಡಿದೆ. ನಿನ್ನೆ ಮೊನ್ನೆ ಹುಣ್ಣಿಮೆ. ಹೋದ ವಾರ ಅರ್ಧ ಚಂದ್ರ. ಓಹೋ...

ಏಪ್ರಿಲ್ 17

ಫೋನಿನಲ್ಲಿ ಓದಿಯೇ ಓದಿದೆ. ಹುಣ್ಣಿಮೆ, ಅಮಾವಾಸ್ಯೆ ಎರಡಕ್ಕೂ ನೀರು ಜಾಸ್ತಿ ಏರುತ್ತೆ, ಜಾಸ್ತಿ ಇಳಿಯುತ್ತೆ. ಅಲ್ಲಿ ಇಳಿಯುವುದು ಮಧ್ಯಾಹ್ನದ ಆಸುಪಾಸು. ಅರ್ಧ ಚಂದ್ರ ಇದ್ದರೆ ಉಲ್ಟಾ. ಸ್ಕೂಲಲ್ಲಿ ಇದನ್ನು ಹೇಳಿದ್ದರೋ ಏನೋ. ಅವತ್ತು ಯಾರ ಶೂನೂ ಒದ್ದೆಯಾಗಿರಲಿಲ್ಲ, ತಲೆಗೆ ಹೋಗಲಿಲ್ಲ.

ವಾಕಿಗೆ 27, ಭಾನುವಾರ. ಅವತ್ತು ಬಂಡೆ ಪೂರ್ತಿ ನಮ್ಮದು. ಬಳಗದ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಊಟ ಮರದ ಕೆಳಗೆ, ಹದ್ದಿದೆ ಹುಷಾರ್ ಅಂತಲೂ.

ತಂಗಿ ಜಾಹ್ನವಿ ಏಡಿ ಫೋಟೋ ನೋಡಿ "ಹೊಂತೋ?" ಅಂದಳು. ನಿಜ ಕಣೇ.

ಏಪ್ರಿಲ್ 19

ಅಮ್ಮ ಕ್ಯಾಲೆಂಡರ್ ಮೇಲೆ ಬೆರಳಿಟ್ಟಳು. "ಇಪ್ಪತ್ತೇಳು ಅಮಾವಾಸ್ಯೆ ಕಣೋ. ಅವತ್ತು ಮಕ್ಕಳನ್ನ ಕಟ್ಕೊಂಡು ನೀರಿನ ಹತ್ರ ಹೋಗ್ತಾರಾ ಯಾರಾದ್ರೂ?"

"ಅವತ್ತೇ ಅಮ್ಮ ನೀರು ದೂರ ಹೋಗೋದು!"

"ತಲೆಹರಟೆ ಮಾಡ್ಬೇಡ."

ಗ್ರೂಪಿನಲ್ಲೂ ಅಷ್ಟೇ. ಎಲ್ಲಾ ಎಂಜಿನಿಯರ್‌ಗಳು. ಒಬ್ಬೊಬ್ಬರಾಗಿ "ಅಮಾವಾಸ್ಯೆ ಬೇಡ". ಕೆಳಗೆ ಕೈ ಮುಗಿದ ಇಮೋಜಿ. ಮಧುಕರ್ ಅಂಕಲ್: "ಮೇ 4 ಫಿಕ್ಸ್. ಬಾಕಿ ನಮ್ಮ ಕಮಿಟಿಯ ವಿನಾಯಕ್ ಸರ್ ನೋಡ್ಕೋತಾರೆ. ಧೀರಜ್, ನೀನು ನೀರಿನ ಬಾಟ್ಲು ಹಿಡ್ಕೋ."

ಏಪ್ರಿಲ್ 26, ಶನಿವಾರ

ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆ. ಆಗಲಿಲ್ಲ. ಮೇ 4 ಅರ್ಧ ಚಂದ್ರ. ಮಧ್ಯಾಹ್ನ ನೀರು ಬಂಡೆ ಮೇಲೇ. ಪಾಚಿ ಬೇರೆ. ಇವರು ಚಿಕ್ಕ ಮಕ್ಕಳನ್ನು ಅಲ್ಲೇ ಇಳಿಸುತ್ತಾರೆ. ಗ್ರೂಪಿನಲ್ಲಿ ಬರೆದೆ: ಅವತ್ತೇ ಹೋಗೋದಾದರೆ ಮೇಲಿನ ದಾರೀಲಿ ಹೋಗಿ. ಕೆಳಗೆ ಇಳಿದು ಯಾರ ಮಗುವಾದರೂ ಜಾರಿದರೆ ನಿಮ್ಮ ಪಂಚಾಂಗ ಎತ್ತೋಕೆ ಬರಲ್ಲ.

ಕೊನೆಯ ಮಾತು ಬೇಡವಾಗಿತ್ತೇನೋ. ಹಾಕಿಯಾಯಿತು.

ಮಧುಕರ್ ಅಂಕಲ್ ಅಪ್ಪನಿಗೆ ಫೋನ್ ಮಾಡಿದರು. ಅಪ್ಪ: "ಡಿಲೀಟ್ ಮಾಡು. ಸಾರಿ ಕೇಳು. ಅವರ ಮುಂದೆ ನಾನು ತಲೆ ಎತ್ತೋದು ಬೇಡ್ವಾ?"

ಮಾಡಲ್ಲ. ತಪ್ಪಿದ್ದರೆ ತೋರಿಸಲಿ.

ಏಪ್ರಿಲ್ 27, ಭಾನುವಾರ, ಬೆಳಿಗ್ಗೆ

ಬಾಗಿಲ ಹತ್ತಿರ ಕೂತು ಶೂ ಹಾಕಿಕೊಂಡು ಬರೆಯುತ್ತಿದ್ದೇನೆ. ಅಂಗಡಿಗೆ ರಜೆ ಹೇಳಿ ಒಬ್ಬನೇ ಹೋಗುತ್ತೇನೆ. ನೀರು ಇಳಿದಿದ್ದನ್ನು ವಿಡಿಯೋ ಮಾಡಿ ಅವರಿಗೆಲ್ಲ ಕಳಿಸುತ್ತೇನೆ.

ಅಮ್ಮ ಅಡ್ಡ ನಿಂತಳು. "ಇವತ್ತೊಂದಿನ ಬೇಡ ಕಣೋ. ನಾಳೆ ರಜೆ ಇದ್ಯಲ್ಲ."

"ನೀನೂ ಬಾ. ಬಂದು ಕಣ್ಣಾರೆ ನೋಡು."

ಅಮ್ಮ ಮೆಲ್ಲಗೆ, "ಅಷ್ಟೊಂದು ಹಿಂದಕ್ಕೆ ಹೋಗುತ್ತೇನೋ ನೀರು? ಎಷ್ಟು ದೂರ?"

ಇಷ್ಟು ದಿನದಲ್ಲಿ ಅದನ್ನು ಕೇಳಿದವಳು ಇವಳೊಬ್ಬಳೇ. ಹೇಳೋಕೆ ಬಾಯಿ ತೆರೆದೆ. ಒಳಗಿಂದ ಅಪ್ಪ: "ಶೈಲಜಾ, ಅವನ ಜೊತೆ ಏನ್ ಮಾತು? ಸಾರಿ ಕೇಳದೆ ಹೊಸ್ತಿಲು ದಾಟಿದ್ರೆ ವಾಪಸ್ ಬರೋದೇ ಬೇಡ ಅನ್ನು."

ಅಮ್ಮ ಒಳಗೆ ಹೋದಳು.

ಸರಿ. ಕಬ್ಬಿಣದ ಬಾಗಿಲು ಇದು. ಎಷ್ಟು ಜೋರಾಗಿ ಎಳೆದು ಹೊಡೀತೀನಿ ಅಂದರೆ, ಕೆಳಗಿನ ಮನೆಯವರೂ—