ಖಾಲಿ ಉಳಿದರೆ ಮಾತ್ರ ಸೀಟು

ಮುದ್ದೇಬಿಹಾಳ, ಭಾನುವಾರ, ಜೂನ್ 15

ಇವತ್ತೂ ಮುಂಬೈ ಡ್ಯೂಟಿ ತಪ್ಪಿತು. ಗಗನಸಖಿಯಾದರೂ ಕೆಲಸಕ್ಕೆ ಹೋಗಲು ನನಗೆ ಸ್ಟ್ಯಾಂಡ್‌ಬೈ ಟಿಕೆಟ್ಟೇ. ಸೀಟು ಖಾಲಿ ಉಳಿದರೆ ಮಾತ್ರ ಪ್ರಯಾಣ. ಹುಬ್ಬಳ್ಳಿಯಲ್ಲಿ ವಿಮಾನ ಹತ್ತಿ ಕೂತೂ ಆಗಿತ್ತು. ಅಷ್ಟರಲ್ಲಿ ಟಿಕೆಟ್ ಕೊಂಡವರೊಬ್ಬರು ಓಡಿ ಬಂದರು.

"ಏನ್ ಮಾಡ್ಲಿ ಅಕ್ಕಾರ, ನೀವ ಇಳೀಬೇಕಾತು," ಎಂದ ವಿಮಾನದೊಳಗೆ ಬಂದ ಕೌಂಟರಿನ ಸಿದ್ಧರಾಮ.

ಸಿಬ್ಬಂದಿಯ ಮಡಚುವ ಸೀಟಾದರೂ ಕೊಡಿ ಎಂದೆ. ಅಲ್ಲಿ ಆಗಲೇ ನನ್ನಂತೆಯೇ ಡ್ಯೂಟಿಗೆ ಹೊರಟ ಒಬ್ಬ ಪೈಲಟ್ ಕೂತಿದ್ದರು. ಮೇಲಧಿಕಾರಿಗೆ ಫೋನ್ ಮಾಡಿದರೆ, ಹೊತ್ತಿಗೆ ಬರುವುದು ನಿಮ್ಮ ಹೊಣೆ ಎಂದರು. ಬಸ್ಸು ಹಿಡಿದು ಊರಿಗೆ ಮರಳಿದೆ.

ಬಾಗಿಲಲ್ಲೇ ಮಗಳು ಸೃಷ್ಟಿ ಅಪ್ಪಿಕೊಂಡಳು. "ಅವ್ವಾ, ನಿನಗ ಸೀಟ್ ಸಿಗಬಾರದಂತ ದೇವರಿಗೆ ಬೇಡ್ಕೊಂಡಿದ್ದೆ!"

ಬೈಯಲೂ ಆಗಲಿಲ್ಲ. ಹೀಗಾದರೆ ಕೆಲಸವೇ ಹೋದೀತೆಂದು ಇಷ್ಟು ಚಿಕ್ಕವಳಿಗೆ ಹೇಗೆ ಹೇಳಲಿ? ಹೇಳಿದರೆ, ಅದನ್ನೇ ಬೇಡಿಕೊಂಡಾಳು...