ಮುಂದಕ್ಕೆ ಚಾಚಿದ ರೆಕ್ಕೆ

ಅಣ್ಣಾ,

ಬ್ಯಾಡಗಿಯಿಂದ ಹಾವೇರಿಗೆ ಹೊರಟ ಬಸ್ಸಿನಲ್ಲಿ ನೀನು ಕಿಟಕಿಯ ಹೊರಗೆ ಕೈ ಚಾಚಿದ್ದು ನೆನಪಿದೆಯೇ? ಆಗಲೇ ನಿನ್ನ ತಲೆ ನರೆತಿತ್ತು. ವಿಮಾನ ವಿನ್ಯಾಸದ ಕಚೇರಿಯಲ್ಲಿ ರೆಕ್ಕೆಯ ಜವಾಬ್ದಾರಿಯೆಲ್ಲ ನಿನ್ನದೇ. ಅಂಗೈ ಕೆಳಗೆ ಮಾಡಿ, ತೋಳನ್ನು ಮುಂದಕ್ಕೆ ಓರೆಯಾಗಿಟ್ಟು ಹೇಳಿದೆ: "ನೋಡು ಸುಮಾ, ಹಿಂಗಿಟ್ರ ಗಾಳಿ ತುದೀನ ಮ್ಯಾಲೆ ತಿರುವತೈತಿ. ತಿರುವಿದಷ್ಟೂ ಮತ್ತ ಎತ್ತತೈತಿ. ಹಂಗ ಬಿಟ್ರ ರೆಕ್ಕಿ ಮುರದ ಹೋಗತೈತಿ. ಅದನ್ನ ತಡಿಯೂದ ನನ್ನ ಕೆಲಸ." ಹಿಂದಿನಿಂದ ಕಂಡಕ್ಟರ್ ಕೂಗಿದ: "ಸಾಹೇಬ್ರ, ಕೈ ಒಳಗ ತಗೋರಿ! ಎದುರು ಲಾರಿ ಬಂತಂದ್ರ ನಿಮ್ಮ ರೆಕ್ಕಿ ಮೋಟೆಬೆನ್ನೂರಾಗ ಹುಡುಕಬೇಕಾಕ್ಕೈತಿ." ಬಸ್ಸೆಲ್ಲ ನಕ್ಕಿತು. ನೀನೇ ಎಲ್ಲರಿಗಿಂತ ಜೋರಾಗಿ.

ಅದೇ ದಿನ ಸಂಜೆ ಬ್ಯಾಡಗಿಗೆ ಮರಳಿದ ಮೇಲೆ ಅಪ್ಪನ ಮೆಣಸಿನಕಾಯಿ ಅಂಗಡಿಯಲ್ಲಿ, ಸೀನುತ್ತಲೇ ನಿನ್ನನ್ನು ಕೇಳಿದ್ದೆ. ನಾವು ಕಂಡ ಜೆಟ್ಟುಗಳ ರೆಕ್ಕೆಯೆಲ್ಲ ಹಿಂದಕ್ಕೆ ವಾಲಿರುವಾಗ ನಿಮ್ಮದು ಮಾತ್ರ ಮುಂದಕ್ಕೇಕೆ? ಅಷ್ಟು ಅಪಾಯವಿದ್ದರೆ ಬಿಡಬಾರದೇ? "ಇದು ಕಲಿಯೋರ ವಿಮಾನ" ಎಂದೆ ನೀನು. "ಹೊಸಾ ಪೈಲಟ್ ಗಾಬರಿ ಆಗಿ ಮೂಗು ಎತ್ತಿಬಿಟ್ಟ, ವೇಗ ಇಳೀತು ಅಂತ ತಿಳಿ. ಬ್ಯಾರೆ ಜೆಟ್ಟಿನಾಗ ಮದಲ ರೆಕ್ಕಿ ತುದಿ ಕೈ ಕೊಡತೈತಿ, ಹೊರಳಸಾಕ ಬರಂಗಿಲ್ಲ. ನಮ್ಮದರಾಗ ಬುಡ ಸೋತ್ರೂ ತುದಿ ಅವನ ಮಾತು ಕೇಳತೈತಿ." ತಕ್ಕಡಿಯ ಹಿಂದೆ ಕುಳಿತಿದ್ದ ಅಪ್ಪ ತಲೆ ಎತ್ತಲೂ ಇಲ್ಲ. "ನಮ್ಮ ಮೆಣಸಿನಕಾಯಿ ಇದ್ದಂಗ ಅನ್ನು. ಬಣ್ಣ ನೋಡಿದ್ರ ಎದಿ ಧಸಕ್ ಅನಬೇಕು, ಬಾಯಾಗ ಇಟ್ರ ಖಾರ ಮಾಫಿ!" ವರದಿಗಳಲ್ಲಿ ನೀನು ಬರೆದದ್ದಕ್ಕಿಂತ ಅಪ್ಪನ ಮಾತೇ ಚೆನ್ನಾಗಿತ್ತು ಅಲ್ಲವೇ?

ಪರೀಕ್ಷೆಯಲ್ಲಿ ಮೊದಲ ರೆಕ್ಕೆ ಸೀಳಿಹೋದ ದಿನ ಫೋನಿನಲ್ಲಿ ನಿನ್ನ ದನಿ ಕೇಳಲಾಗುತ್ತಿರಲಿಲ್ಲ. ಆಮೇಲೆ ಇಂಗಾಲದ ನಾರಿನ ಪದರಗಳನ್ನು ಓರೆಯಾಗಿ ಹೊಂದಿಸಿ ಇನ್ನೊಂದನ್ನು ಮಾಡಿದಿರಿ. ಅದು ಬಾಗಿತು, ತಿರುಚಿಕೊಳ್ಳಲಿಲ್ಲ. ಮೊದಲ ವಿಮಾನಕ್ಕೆ ಎಂಜಿನ್ ಕೂಡ ಕೂತಿತು. ಹಾರಿಸಲು ಅನುಮತಿಯೊಂದೇ ಬಾಕಿ. ಆಗ ಶುರುವಾದವು ನೋಡು ಸಮಿತಿಗಳು. ಯಾರೂ ಮಾಡದಿದ್ದುದನ್ನು ನಾವೇಕೆ ಮಾಡಬೇಕು ಎಂದಿತು ಒಂದು. ಯಾರಾದರೂ ಮಾಡಿದ್ದರೆ ಕೊಂಡುಕೊಂಡರಾಯಿತು ಎಂದಿತು ಇನ್ನೊಂದು. ಈ ಎರಡು ವಾಕ್ಯಗಳ ನಡುವೆ ಈ ದೇಶದಲ್ಲಿ ಎಷ್ಟು ಜನರ ಆಯುಷ್ಯ ಸವೆದುಹೋಗಿದೆಯೋ. ನಿನ್ನದೂ ಹೋಯಿತು. ಗಳಗನಾಥದ ಸಂಗಮದಲ್ಲಿ ನಿನ್ನ ಬೂದಿ ಬಿಡುವಾಗ ಮೇಲೆ ಯಾವುದೋ ವಿಮಾನ ಸಾಗಿತ್ತು. ನಾನು ಕತ್ತೆತ್ತಲಿಲ್ಲ.

ನಿನ್ನ ವರ್ಷದ ಪುಣ್ಯತಿಥಿಗೆ ಹಾವೇರಿಯ ನಿನ್ನ ಹಳೆಯ ಕಾಲೇಜಿನವರು ಕರೆದಿದ್ದರು. ರಜೆಯಲ್ಲಿ ಬಂದಾಗ ನೀನೇ ತೇಗದಲ್ಲಿ ಕೆತ್ತಿ ಕೊಟ್ಟಿದ್ದ ಮಾದರಿ ವಿಮಾನವನ್ನು ಗೇಟಿನ ಬಳಿ ಕಂಬದ ಮೇಲೆ ಇಟ್ಟಿದ್ದರಲ್ಲ, ಅದಕ್ಕೆ ಹೊಸ ಬಣ್ಣ, ಮೂಗಿಗೆ ಏಲಕ್ಕಿ ಹಾರ. ಹತ್ತಿರ ಹೋಗಿ ನೋಡಿದೆ. ರೆಕ್ಕೆಗಳು ಹಿಂದಕ್ಕೆ ವಾಲಿದ್ದವು. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಸಿಕ್ಕಿಸಿಬಿಟ್ಟಿದ್ದರು. ಗಾಳಿಯನ್ನು ಎದುರಿಸಬೇಕಾದ ದುಂಡನೆಯ ಅಂಚು ಹಿಂದೆ, ಹಿಂದಿರಬೇಕಾದ ತೆಳು ಅಂಚು ಮುಂದೆ.

"ನೋಡಿದವರೆಲ್ಲಾ ಉಲ್ಟಾ ಕೂಡ್ರಿಸ್ಯಾರ ಅಂತ ನಗತಿದ್ರು ಅಕ್ಕಾರ" ಎಂದರು ಪ್ರಾಂಶುಪಾಲರು, ಹೆಮ್ಮೆಯಿಂದಲೇ. "ಪೇಂಟ್ ಹಚ್ಚೂ ಮುಂದ ಸರಿ ಮಾಡ್ಸೀವ್ರಿ."

"ಅದು ಸರೀನ ಇತ್ರೀ! ಅದಕ್ಕಾಗಿನ ಅಂವ ಜೀವಾ ತೇಯ್ದಾನ."

ಪಕ್ಕದಲ್ಲಿದ್ದ ಆಡಳಿತ ಮಂಡಳಿಯ ಅಧ್ಯಕ್ಷರು ಸಮಾಧಾನ ಹೇಳುವ ದನಿಯಲ್ಲಿ, "ಇರ್ಲಿ ಬಿಡ್ರಿ. ಹೆಂಗಿದ್ರೂ ಹಾರೂದಲ್ಲಲ್ಲ" ಎಂದರು.

ಅಣ್ಣಾ, ಸಮಿತಿಗಳಿಗೆ ನಾನು ಬೈದದ್ದೆಲ್ಲ ಆ ಕ್ಷಣ ಮರೆತುಹೋಯಿತು. ನಮ್ಮ ಊರಿನವರೇ, ನಿನ್ನ ಮೇಲಿನ ಪ್ರೀತಿಯಿಂದಲೇ, ನಿನ್ನನ್ನು ತಿದ್ದಿದ್ದರು. ಭಾಷಣ ಮುಗಿಯುವವರೆಗೂ ನಾನು ಕೂರಲಿಲ್ಲ. ಸರಿಯಾಗಿ ಕೂರಿಸಿ, ಇಲ್ಲವೇ ನನಗೆ ಕೊಡಿ ಎಂದೆ. ಮತ್ತೆ ಜನ ನಗುತ್ತಾರೆಂದು ಅವರು ಕೊಟ್ಟೇಬಿಟ್ಟರು. ಮಡಿಲಲ್ಲಿಟ್ಟುಕೊಂಡು ರಾಣೆಬೆನ್ನೂರಿನ ನನ್ನ ಮನೆಗೆ ತಂದೆ. ಬಡಗಿ ಬಣ್ಣ ಕೆರೆದು, ಗೂಟ ಬಿಡಿಸಿ, ನಾನು ಹೇಳಿದಂತೆ ಸಿಕ್ಕಿಸಿಕೊಟ್ಟ. ಕಂಬಕ್ಕೆ ಈಗ ಧ್ವನಿವರ್ಧಕ ಕಟ್ಟಿದ್ದಾರಂತೆ.

ಇನ್ನೊಂದು ಸುದ್ದಿಯನ್ನು ಬರೆಯಲು ಮನಸ್ಸಿಲ್ಲ, ಆದರೂ ನಿನಗಲ್ಲದೆ ಯಾರಿಗೆ... ಕಳೆದ ವಾರ ನಿನ್ನ ಸಹೋದ್ಯೋಗಿ ಫೋನ್ ಮಾಡಿದ್ದರು. ಯೋಜನೆಯನ್ನು ಮುಚ್ಚಿದ್ದಾರೆ. ಷೆಡ್ಡಿನಲ್ಲಿ ಜಾಗ ಬೇಕೆಂದು ಆ ನಿಜವಾದ ವಿಮಾನದ ರೆಕ್ಕೆಗಳನ್ನು ಬಿಚ್ಚಿ ಗೋಡೆಗೆ ಆನಿಸಿಟ್ಟಿದ್ದಾರಂತೆ. ಈಗ ನಿನ್ನ ರೆಕ್ಕೆಗಳು ಸರಿಯಾಗಿ ಕೂತಿರುವುದು ನನ್ನ ಮನೆಯ ಪಡಸಾಲೆಯಲ್ಲಿ ಮಾತ್ರ.

ನಾನಿರುವವರೆಗೆ ಅವನ್ನು ಯಾರೂ ತಿರುಗಿಸುವುದಿಲ್ಲ. ನಿನ್ನೆ ಗ್ಯಾಸ್ ಸಿಲಿಂಡರ್ ಇಳಿಸಿದವನೂ ಅದನ್ನೇ ನೋಡಿದ. "ಅಕ್ಕಾರ, ರೆಕ್ಕಿ ಉಲ್ಟಾ ಅದಾವಲ್ರೀ?"

"ಕುಂದ್ರಪಾ, ಚಾ ಕುಡದ ಹೋಗಾಕಂತಿ" ಎಂದೆ. ಗಾಳಿಯಿಲ್ಲದ ಪಡಸಾಲೆಯಲ್ಲಿ, ಅಂಗೈ ಕೆಳಗೆ ಮಾಡಿ, ತೋಳನ್ನು ಮುಂದಕ್ಕೆ ಓರೆಯಾಗಿ ಚಾಚಿದೆ.

ನಿನ್ನ
ಸುಮಾ