ಡಬ್ಬಿಯೊಳಗಿನ ಹಾಳೆ

ಮನೆಯಿಂದ,
ಹದಿನೇಳನೇ ತಾರೀಕು, ಗುರುವಾರ

ಪ್ರೀತಿಯ ಚಿಣ್ಣಿಗೆ,

ಹೇಗಿದ್ದೀಯ ಮಗಳೇ? ಹೊಸ ಊರಿನ ನೀರು ಒಗ್ಗಿತೇ, ಕೆಮ್ಮು ಕಡಿಮೆಯಾಯಿತೇ? ಎರಡು ಪತ್ರಕ್ಕೂ ನಿನ್ನ ಉತ್ತರವಿಲ್ಲ. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಳ್ಳುವುದನ್ನು ನನ್ನಿಂದಲೇ ಕಲಿತವಳು, ಯಾರನ್ನು ಬೈಯಲಿ? ನನ್ನದು ಅದೇ ತಲೆನೋವು. ನೀನು ನಮ್ಮ ಪ್ರೆಸ್ಸಿನ ಕೆಲಸ ಬಿಟ್ಟು ಹೋದ ವಾರ ಶುರುವಾದದ್ದು ಇನ್ನೂ ಇಳಿದಿಲ್ಲ, ಹಣೆಗೆ ಬಿಗಿಯಾಗಿ ಪಟ್ಟಿ ಕಟ್ಟಿದ ಹಾಗೆ. ಡಾಕ್ಟರಮ್ಮ ಇದು ಟೆನ್ಶನ್ ತಲೆನೋವು ಎಂದರು. ಮೈಯೆಲ್ಲ ಉರಿದು, ನನಗೆಂಥ ಟೆನ್ಶನ್ ಎಂದೆ. ಅವರು ನಕ್ಕು, ದಿನವಿಡೀ ತಲೆ ಬಗ್ಗಿಸಿ ಕರಡು ತಿದ್ದುವವರಿಗೆ ಕತ್ತಿನ ಸ್ನಾಯು ಬಿಗಿದರೂ ಹೀಗಾಗುತ್ತದೆ, ಮೆಗ್ನೀಸಿಯಂ ಮಾತ್ರೆ ತಿಂದು ನೋಡಿ, ಕೆಲವರಿಗೆ ಹಿಡಿಸುತ್ತದೆ, ಆದರೆ ವಾರಗಟ್ಟಲೆ ಕಾಯಬೇಕು ಎಂದರು. ಬರೆದುಕೊಡುವ ಮೊದಲು ನನ್ನ ಕಿಡ್ನಿ ಸರಿಯಿದೆಯೇ ಎಂದು ಎರಡೆರಡು ಸಲ ಕೇಳಿದರು. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಲೇಬಾರದಂತೆ. ನಿನ್ನಪ್ಪ ಈಗ ಸಿಕ್ಕಸಿಕ್ಕವರಿಗೆಲ್ಲ, ನನ್ನ ಹೆಂಡತಿಗೆ ಖನಿಜದ ಕೊರತೆ ಎನ್ನುತ್ತಿದ್ದಾರೆ. ನನ್ನ ಕೊರತೆ ಏನೆಂದು ಅವರಿಗೂ ಗೊತ್ತು.

ಅವತ್ತಿನ ಮಾತು ಎತ್ತಬಾರದೆಂದಿದ್ದೆ, ಆದರೂ ಪೆನ್ನು ಅಲ್ಲಿಗೇ ಹೋಗುತ್ತದೆ. ಯಾವುದೋ ಮಾತ್ರೆಯ ಡಬ್ಬಿಗೆ ಹಾಕುವ ಸೂಚನೆಯ ಹಾಳೆ. ನೀನು ಕರಡನ್ನು ಗಟ್ಟಿಯಾಗಿ ಓದುತ್ತಿದ್ದೆ, ನಾನು ಮೂಲಪ್ರತಿ ಹಿಡಿದು ಸರಿನೋಡುತ್ತಿದ್ದೆ. ನಡುವೆ ನಿಲ್ಲಿಸಿ, "ಅಮ್ಮಾ, ಇಲ್ಲೇನೋ ಬಿಟ್ಟ ಹಾಗಿದೆ, ಮೂಲ ಇನ್ನೊಂದ್ಸಲ ನೋಡು" ಅಂದೆ. "ಮೂವತ್ತು ವರ್ಷದಿಂದ ನೋಡ್ತಿದೀನಿ, ನಂಗೆ ಕಲಿಸ್ಬೇಡ" ಎಂದು ನಾನು ಎಲ್ಲರೆದುರು ಮುಖಕ್ಕೆ ಹೊಡೆದ ಹಾಗೆ ಹೇಳಿ, ಸಹಿ ಹಾಕಿ ಅಚ್ಚಿಗೆ ಕಳಿಸಿದೆ. ಬೈದದ್ದು ಹೆಚ್ಚಾಯಿತು, ಒಪ್ಪುತ್ತೇನೆ. ಆದರೆ ನಾನು ಸಾಲು ಬಿಡುವವಳಲ್ಲ, ಅದು ನಿನಗೂ ಗೊತ್ತು. ಇಷ್ಟಕ್ಕೇ ಊರು ಬಿಡಬೇಕಿತ್ತೇ?

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪನ ಆಶೀರ್ವಾದ. ನನ್ನದು ನೀನು ಕೇಳದಿದ್ದರೂ ಇದೆ.

ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಒಂದು ಮಾತ್ರೆ ನುಂಗೋಣವೆಂದು ಡಬ್ಬಿ ಒಡೆದೆ. ಒಳಗಿದ್ದದ್ದು ಅವತ್ತು ನಾವು ನೋಡಿದ ಅದೇ ಹಾಳೆ. ಕಿಡ್ನಿಯ ಸುದ್ದಿಯೇ ಅದರಲ್ಲಿಲ್ಲ. ಈ ಪತ್ರ ಹಿಡಿದುಕೊಂಡೇ ಪ್ರೆಸ್ಸಿಗೆ ಓಡಿಹೋಗಿ ಮೂಲಪ್ರತಿ ತೆಗೆಸಿದೆ. ಐದನೇ ಸಾಲಿನಲ್ಲೇ ಕಿಡ್ನಿಯ ಎಚ್ಚರಿಕೆ, ಕಣ್ಣಿಗೆ ರಾಚುವ ಹಾಗಿದೆ. ನನ್ನ ಕಣ್ಣು ಅದನ್ನು ದಾಟಿಕೊಂಡೇ ಹೋಗಿದೆ. ಎಷ್ಟು ಅಂಗಡಿ ಸೇರಿದೆಯೋ, ಯಾರ್ಯಾರು ನುಂಗುತ್ತಿದ್ದಾರೋ. ಇದನ್ನು ಮಾಲೀಕರ ಕೋಣೆಯ ಹೊರಗೆ ನಿಂತು ಬರೆಯುತ್ತಿದ್ದೇನೆ. ಡಬ್ಬಿಗಳನ್ನು ಇವತ್ತೇ ವಾಪಸ್ ತರಿಸಿ ಎನ್ನುತ್ತೇನೆ. ಮಗಳು ತಡೆದಿದ್ದಳು, ನಾನೇ ಕೇಳಲಿಲ್ಲ ಎಂದು ಅವತ್ತು ಬೈದಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ. ಅವರಿಗಿಂತ ಮೊದಲು ನಿನಗೆ ಹೇಳಬೇಕು: ನೀನು ಹೇಳಿದ್ದೇ ಸರಿ. ಕರೆಯುತ್ತಿದ್ದಾರೆ, ಒಳಗೆ ಹೋಗುತ್ತೇನೆ.